ಪದವೀಧರರ ಲೇಖನಿ ಮತ್ತು ಕಥೆಯಲ್ಲದ ಪುಸ್ತಕ

(ಪುಣೆಯ ಬಿಬವೇವಾಡಿಯಲ್ಲಿ ಕನ್ನಡ ಬಂಧುಗಳು ಏರ್ಪಡಿಸಿದ್ದ ಪುಸ್ತಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ಪುಸ್ತಕಗಳನ್ನು ಕುರಿತು ಮಾತನಾಡುವ ಅಧಿಕಾರ ನನಗೆ ಎಷ್ಟರ ಮಟ್ಟಿಗೆ ಇದೆಯೆಂಬುದನ್ನು ಮೊದಲೇ ನಿವೇದಿಸಿಕೊಳ್ಳುತ್ತೇನೆ. ನಾನು ಸಾಹಿತಿಯಲ್ಲ, ಅಧ್ಯಾಪಕನೂ ಅಲ್ಲ. ಕೇಂದ್ರ ಸರಕಾರದ ಲೆಕ್ಕಪತ್ರ ಶಾಖೆಯಲ್ಲಿ ಸುಮಾರು ಮೂವತ್ತು ವರ್ಷಗಳಿಂದ ದುಡಿಯುತ್ತಿರುವವನು. ಬೇರೆಯವರು ಬರೆದುದರಲ್ಲಿ ಎಲ್ಲಿ ಕೂಡುವುದು ತಪ್ಪಿದೆ, ಎಲ್ಲಿ ಕಳೆಯುವುದು ತಪ್ಪಿದೆ ಎಂದು ಹುಡುಕುವುದೇ ನನ್ನ ಉದ್ಯೋಗ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿದವನು ಅನ್ನದ ದಾರಿ ಹಿಡಿದು ನಾಗಪುರ, ಸಿಕಂದರಾಬಾದುಗಳನ್ನು ಸುತ್ತಿ ಈ ಬಿಬವೇವಾಡಿಗೆ ಬಂದು ನೆಲೆಸಿದೆ. ಮಾರ್ಕೆಟ್ ಯಾರ್ಡಿನ ಲಾರಿಗಳ ಸದ್ದು, ಸ್ವಾರಗೇಟಿನಲ್ಲಿ ಬೆಳಗಾವಿ ಹುಬ್ಬಳ್ಳಿಯ ಫಲಕ ಹೊತ್ತು ನಿಲ್ಲುವ ಬಸ್ಸುಗಳು, ಇವುಗಳ ನಡುವೆ ಇದ್ದುದರಿಂದ ಊರು ಬಿಟ್ಟೆನೆಂಬ ಭಾವನೆ ಪೂರ್ತಿಯಾಗಿ ಬರಲೇ ಇಲ್ಲ.

ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ: ವಿಶ್ವವಿದ್ಯಾಲಯದ ಪದವೀಧರರು ಬರೆದ ಹೊಸ ಕಥೇತರ ಗ್ರಂಥಗಳು. ಇಂಥ ಬರವಣಿಗೆಗೆ ನಮ್ಮಲ್ಲಿ ಇನ್ನೂ ಒಂದು ನೆಮ್ಮದಿಯ ಹೆಸರಿಲ್ಲ. ಶಾಸ್ತ್ರಸಾಹಿತ್ಯ ಎಂದರು, ವೈಚಾರಿಕ ಸಾಹಿತ್ಯ ಎಂದರು, ಸೃಜನೇತರ ಎಂದರು. ಈ ಕೊನೆಯ ಶಬ್ದವಂತೂ ನನಗೆ ಒಪ್ಪಿಗೆಯಾಗುವುದಿಲ್ಲ. ಕಥೆ ಕವಿತೆಗಳದು ಸೃಜನ, ಉಳಿದುದೆಲ್ಲ ಅದರ ಇತರ ಎಂಬ ಪಂಕ್ತಿಭೇದ ಅದರಲ್ಲಿ ಅಡಗಿದೆ. ವಾಸ್ತವದಲ್ಲಿ ಕನ್ನಡದಲ್ಲಿ ಇಂದು ನಮಗೆ ಸಿಕ್ಕಿರುವ ಮೊದಲ ಗ್ರಂಥವೇ ಕಥೆಯಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಲಕ್ಷಣಗ್ರಂಥ. ಶ್ರೀಧರಾಚಾರ್ಯನು 1049ರಲ್ಲಿ 'ಜಾತಕತಿಲಕ'ವೆಂಬ ಜ್ಯೋತಿಷ ಗ್ರಂಥವನ್ನು ಕನ್ನಡದಲ್ಲಿ ಬರೆದ. ಕೀರ್ತಿವರ್ಮನು ದನಕರುಗಳ ಚಿಕಿತ್ಸೆಗೆಂದು 'ಗೋವೈದ್ಯ' ಬರೆದ. ಹನ್ನೆರಡನೆಯ ಶತಮಾನದ ರಾಜಾದಿತ್ಯನ 'ವ್ಯವಹಾರ ಗಣಿತ'ವಂತೂ ನನ್ನಂಥ ಲೆಕ್ಕದವನಿಗೆ ಪೂಜ್ಯ ಗ್ರಂಥ. ಇವರು ಯಾರೂ ಪದವೀಧರರಲ್ಲವೆಂಬುದು ನಿಜ. ಆದರೆ ಬಲ್ಲವನು ತಾನು ಬಲ್ಲುದನ್ನು ತನ್ನ ಜನರ ಮಾತಿನಲ್ಲಿ ಬರೆದಿಡಬೇಕು ಎಂಬ ಸಂಪ್ರದಾಯ ನಮ್ಮಲ್ಲಿ ಸಾವಿರ ವರ್ಷ ಹಳೆಯದು ಎಂಬುದಕ್ಕೆ ಇವರು ಸಾಕ್ಷಿ.

ಪದವೀಧರರ ಕಾಲಕ್ಕೆ ಬರೋಣ. ಇಲ್ಲಿ ನಾವು ಪುಣೆಯವರು ಸ್ವಲ್ಪ ಎದೆ ಸೆಟೆಸಿ ನಿಲ್ಲಬಹುದು. ಇಲ್ಲಿಂದ ಕೆಲವೇ ಮೈಲಿ ದೂರದ, 1885ರಲ್ಲಿ ಆರಂಭವಾದ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1903ರಲ್ಲಿ ಬಿ.ಎ. ಆದವರು ಆಲೂರ ವೆಂಕಟರಾಯರು. ಮುಂದೆ ಮುಂಬಯಿಯಲ್ಲಿ ಕಾನೂನು ಓದಿ, ಧಾರವಾಡದಲ್ಲಿ ವಕೀಲಿ ಮಾಡಿ, ಅದನ್ನು ಬಿಟ್ಟು 1917ರಲ್ಲಿ 'ಕರ್ನಾಟಕ ಗತವೈಭವ' ಪ್ರಕಟಿಸಿದರು. ಏಕೀಕರಣದ ಚರಿತ್ರೆಯನ್ನು ಹೇಳುವಾಗ ಈ ಪುಸ್ತಕದ ಹೆಸರನ್ನು ಎಲ್ಲರೂ ಎತ್ತುತ್ತಾರೆ. ನಾನು ಗಮನಿಸುವುದು ಬೇರೊಂದು ಸಂಗತಿಯನ್ನು. ಚಾಲುಕ್ಯ ರಾಷ್ಟ್ರಕೂಟರ ಚರಿತ್ರೆ ಅಷ್ಟರಲ್ಲಾಗಲೇ ಬರೆದಾಗಿತ್ತು. ಫ್ಲೀಟ್ ಸಾಹೇಬರು 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ಬರೆದಿದ್ದರು. ಪುಣೆಯ ರಾಮಕೃಷ್ಣ ಗೋಪಾಲ ಭಾಂಡಾರಕರರು 1884ರಲ್ಲಿ ದಖ್ಖನಿನ ಪ್ರಾಚೀನ ಇತಿಹಾಸ ಬರೆದಿದ್ದರು. ಎರಡೂ ಇಂಗ್ಲಿಷಿನಲ್ಲಿ. ಕನ್ನಡ ರಾಜರ ಚರಿತ್ರೆ ಕನ್ನಡಿಗರ ಮನೆಗೆ ಬರಲು ಮೂವತ್ತಕ್ಕೂ ಹೆಚ್ಚು ವರ್ಷ, ಮತ್ತು ಒಬ್ಬ ಪದವೀಧರನ ಹಟ, ಬೇಕಾಯಿತು. ಶಿವಾಜಿ ಮಹಾರಾಜರ ಹೆಸರು ಹೇಳಿದರೆ ರೋಮಾಂಚನಗೊಳ್ಳುವ ಸಹಪಾಠಿಗಳ ನಡುವೆ ಕುಳಿತಿದ್ದ ವಿಜಾಪುರದ ಆ ಹುಡುಗನಿಗೆ ತನ್ನವರ ಕಥೆ ತನಗೇ ಗೊತ್ತಿಲ್ಲವಲ್ಲ ಎನಿಸಿರಬಹುದೆಂದು ಊಹಿಸುವುದು ಕಷ್ಟವಲ್ಲ. ಅಂಥ ಹೊಟ್ಟೆಕಿಚ್ಚು ಒಳ್ಳೆಯದು. ಅದೇ ಆಲೂರರು ಲೋಕಮಾನ್ಯರ 'ಗೀತಾರಹಸ್ಯ'ವನ್ನು ಕನ್ನಡಕ್ಕೆ ತಂದರೆಂಬುದನ್ನೂ ನೆನೆಯಬೇಕು. ಕಿಚ್ಚು ದ್ವೇಷವಾಗಲಿಲ್ಲ.

ಇನ್ನೂ ಒಂದು ಮಾತು. ಕನ್ನಡ ಎಂ.ಎ. ವಿದ್ಯಾರ್ಥಿಗಳು ತಲೆಮಾರುಗಳ ಕಾಲ ಕಂಠಪಾಠ ಮಾಡಿದ 'ಕನ್ನಡ ಸಾಹಿತ್ಯ ಚರಿತ್ರೆ'ಯನ್ನು ಬರೆದ ರಂ.ಶ್ರೀ. ಮುಗಳಿಯವರು ಅಧ್ಯಾಪಕರಾಗಿದ್ದುದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲಲ್ಲ. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ. 1953ರಲ್ಲಿ ಪ್ರಕಟವಾದ ಆ ಗ್ರಂಥಕ್ಕೆ 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕುಂದಣಗಾರರೂ ಆ.ನೇ. ಉಪಾಧ್ಯೆಯವರೂ ಕುಳಿತು ಮಾಡಿದ ಗ್ರಂಥಸಂಪಾದನೆಯ ಕೆಲಸವನ್ನು ಇದಕ್ಕೆ ಸೇರಿಸಿಕೊಳ್ಳಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರನ್ನೂ ಸೇರಿಸಿಕೊಳ್ಳಿ. ಹೊರನಾಡ ಕನ್ನಡಿಗರು ಒಳನಾಡಿಗೆ ಕೊಟ್ಟದ್ದೇನು ಎಂದು ಯಾರಾದರೂ ಕೇಳಿದರೆ ಹೋಟೆಲುಗಳನ್ನಷ್ಟೇ ತೋರಿಸಬೇಕಾಗಿಲ್ಲ.

ಸ್ವಾಮಿಯವರ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಜಗತ್ತಿನ ಸಸ್ಯಶಾಸ್ತ್ರಜ್ಞರು ಮನ್ನಿಸಿದ ಸಂಶೋಧಕ. ಹಾರ್ವರ್ಡಿನಲ್ಲಿ ಕೆಲಸ ಮಾಡಿ ಬಂದವರು. ಇಂಗ್ಲಿಷಿನಲ್ಲಿ ಪ್ರಬಂಧ ಬರೆದರೆ ಸಾಕಿತ್ತು, ಹುದ್ದೆಗೂ ಕೀರ್ತಿಗೂ. ಅವರು ವಿದ್ಯಾರ್ಥಿಗಳನ್ನು ಪಶ್ಚಿಮ ಘಟ್ಟದ ಕಾಡಿಗೆ ಕರೆದುಕೊಂಡು ಹೋದ ಪ್ರವಾಸವನ್ನು ಕನ್ನಡದಲ್ಲಿ ಬರೆದರು. ಗಿಡಗಳ ಚಿತ್ರಗಳನ್ನು ತಾವೇ ಬಿಡಿಸಿದರು. 'ಹಸುರು ಹೊನ್ನು'ವಿಗೆ 1978ರ ಅಕಾಡೆಮಿ ಪ್ರಶಸ್ತಿ ಬಂದಾಗ ಪಾಂಡಿತ್ಯಕ್ಕೂ ನಗುವಿಗೂ ವೈರವಿಲ್ಲವೆಂಬುದು ಅಧಿಕೃತವಾಗಿ ಸಾಬೀತಾಯಿತು. ನಾನು ಪಿ.ಯು.ಸಿ.ಯಲ್ಲಿದ್ದಾಗ ಆ ಪುಸ್ತಕವನ್ನು ಓದಿ, ಸಸ್ಯಶಾಸ್ತ್ರದಲ್ಲಿ ಬೇರೆ ಏನೂ ತಿಳಿಯದೆ ಹೋದರೂ, ಗಿಡದ ಮುಂದೆ ಎರಡು ನಿಮಿಷ ನಿಲ್ಲುವುದನ್ನು ಕಲಿತೆ. ಪದವಿಯ ಭಾರವನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬರುವ ಇಂಥ ವಿದ್ವಾಂಸರು ನಮ್ಮಲ್ಲಿ ಹೆಚ್ಚಿಲ್ಲ.

ಇನ್ನೊಂದು ಬಗೆಯ ಗ್ರಂಥವುಂಟು, ಪಿಎಚ್.ಡಿ. ಪ್ರಬಂಧವೇ ಪುಸ್ತಕವಾದದ್ದು. ಎಂ. ಚಿದಾನಂದಮೂರ್ತಿಗಳ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಬಂದಿತು. ಶಾಸನವೆಂದರೆ ರಾಜನ ಹೆಸರು, ತಿಥಿ, ವಾರ ಎಂದುಕೊಂಡಿದ್ದವರಿಗೆ ಅದೇ ಕಲ್ಲಿನಲ್ಲಿ ಸತಿ ಹೋದ ಹೆಣ್ಣು, ತುರುಗೊಳ್ ಕಾಳಗದಲ್ಲಿ ಮಡಿದ ಗಂಡು, ಕೆರೆ ಕಟ್ಟಿಸಿದವನು, ಬಿಟ್ಟ ಭೂಮಿ, ಹಾಕಿದ ಶಾಪ ಎಲ್ಲವೂ ಇವೆಯೆಂದು ತೋರಿಸಿಕೊಟ್ಟಿತು. ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ' 1974ರದು. ಹಾವನೂರರು ವೃತ್ತಿಯಿಂದ ಗ್ರಂಥಪಾಲರು. ಮುಂದೆ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನು ಕಟ್ಟಿದವರು. ಹತ್ತೊಂಬತ್ತನೆಯ ಶತಮಾನದ ಹಳೆಯ ಪತ್ರಿಕೆ, ಪಠ್ಯಪುಸ್ತಕ, ಮಿಶನರಿಗಳ ದಾಖಲೆಗಳನ್ನು ಧೂಳಿನಿಂದ ಎತ್ತಿ ಒರೆಸಿ ಜೋಡಿಸಿದ ಗ್ರಂಥ ಅದು. ಎರಡರಲ್ಲೂ ಲೇಖಕ ತನ್ನ ಕಣ್ಣಿನಿಂದ ಕಂಡದ್ದೇ ಇದೆ. ಪದವಿಯೊಂದು ನೆಪ, ಅಷ್ಟೆ.

ಹಾಗೆಂದು ಪದವಿಯಿಲ್ಲದೆ ಈ ಕೆಲಸ ಆಗುವುದಿಲ್ಲವೆಂದು ನಾನು ಹೇಳಿದರೆ ನಗೆಪಾಟಲಾದೀತು. ಗಾಂಧೀಜಿಯವರ ಕರೆಗೆ ಕಾಲೇಜು ಬಿಟ್ಟ ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಬರೆದರು. ಬಿ.ಎ. ಪೂರ್ಣಗೊಳಿಸದ ಮಂಜೇಶ್ವರದ ಗೋವಿಂದ ಪೈಗಳು ಇತಿಹಾಸ ಸಂಶೋಧನೆಯಲ್ಲಿ ಯಾವ ಪ್ರಾಧ್ಯಾಪಕನಿಗೂ ಕಡಿಮೆಯಿರಲಿಲ್ಲ. ಇದೇ ಪುಣೆಯಲ್ಲಿ ರಾ.ಚಿಂ. ಢೇರೆಯವರು ಪಂಢರಪುರದ ವಿಠ್ಠಲನ ಬೇರುಗಳನ್ನು ಹುಡುಕುತ್ತ ಕನ್ನಡ ನೆಲಕ್ಕೆ ಮತ್ತೆ ಮತ್ತೆ ಬಂದರು. ಆ ಗ್ರಂಥಕ್ಕೆ 1987ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದಿತು. ಅವರ ಪಾಂಡಿತ್ಯವೂ ಬಹುಮಟ್ಟಿಗೆ ಸ್ವಂತ ದುಡಿಮೆಯ ಗಳಿಕೆಯೇ.

1990ರ ದಶಕದಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಮರಾಠಿಯಲ್ಲಿ ದಯಾ ಪವಾರರ 'ಬಲುತ' 1978ರಲ್ಲಿ, ಲಕ್ಷ್ಮಣ ಮಾನೆಯವರ 'ಉಪರಾ' 1980ರಲ್ಲಿ, ಶರಣಕುಮಾರ ಲಿಂಬಾಳೆಯವರ 'ಅಕ್ಕರಮಾಶಿ' 1984ರಲ್ಲಿ ಬಂದಿದ್ದವು. ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಬಂದದ್ದು 1994ರಲ್ಲಿ. ಸಿದ್ಧಲಿಂಗಯ್ಯನವರ 'ಊರು ಕೇರಿ' ಅದರ ಬೆನ್ನಿಗೇ. ಇವರು ವಿಶ್ವವಿದ್ಯಾಲಯದಲ್ಲಿ ಓದಿದವರು, ಅಲ್ಲಿಯೇ ಕಲಿಸಿದವರು. ಆದರೆ ಅವರು ಬರೆದದ್ದು ವಿಶ್ವವಿದ್ಯಾಲಯ ಕಲಿಸಿದ್ದನ್ನಲ್ಲ, ವಿಶ್ವವಿದ್ಯಾಲಯಕ್ಕೆ ಗೊತ್ತಿಲ್ಲದ್ದನ್ನು. ಮನೆಯಲ್ಲಿ ಮೊದಲ ಬಾರಿಗೆ ಓದಿದವನು ಪೆನ್ನು ಹಿಡಿದಾಗ ಮಾತ್ರ ಬರಬಹುದಾದ ಪುಸ್ತಕಗಳು ಅವು. ನನ್ನ ದೃಷ್ಟಿಯಲ್ಲಿ ಪದವಿಗೆ ಕನ್ನಡದಲ್ಲಿ ಸಿಕ್ಕ ಅತ್ಯಂತ ದೊಡ್ಡ ಸಾರ್ಥಕ್ಯ ಇದೇ. ಇಲ್ಲಿ ಕುಳಿತವರಲ್ಲಿ ಕೆಲವರಿಗೆ ಈ ಪುಸ್ತಕಗಳು ಮುಜುಗರ ತರಿಸುತ್ತವೆಯೆಂದು ನಾನು ಬಲ್ಲೆ. ತರಿಸಲಿ.

ಇತ್ತೀಚಿನ ವರ್ಷಗಳ ಲೆಕ್ಕವನ್ನು ನೋಡೋಣ. ಲೆಕ್ಕ ನನ್ನ ಚಟ. ಕೇಂದ್ರ ಸಾಹಿತ್ಯ ಅಕಾಡೆಮಿ ಕನ್ನಡಕ್ಕೆ ಕೊಟ್ಟ ಪ್ರಶಸ್ತಿಗಳಲ್ಲಿ 2017ರದು ಟಿ.ಪಿ. ಅಶೋಕರ ವಿಮರ್ಶೆಗೆ, 2018ರದು ಕೆ.ಜಿ. ನಾಗರಾಜಪ್ಪನವರ ವಿಮರ್ಶೆಗೆ, 2019ರದು ಡಾ. ವಿಜಯಾ ಅವರ ಆತ್ಮಕಥೆ 'ಕುದಿ ಎಸರು'ವಿಗೆ, 2021ರದು ಡಿ.ಎಸ್. ನಾಗಭೂಷಣರ 'ಗಾಂಧಿ ಕಥನ'ಕ್ಕೆ, 2022ರದು ಮೂಡ್ನಾಕೂಡು ಚಿನ್ನಸ್ವಾಮಿಯವರ ಬೌದ್ಧ ಚಿಂತನೆಯ ಲೇಖನಗಳಿಗೆ, 2023ರದು ಲಕ್ಷ್ಮೀಶ ತೋಳ್ಪಾಡಿಯವರ ಮಹಾಭಾರತದ ಪ್ರಬಂಧಗಳಿಗೆ, 2024ರದು ಕೆ.ವಿ. ನಾರಾಯಣರ 'ನುಡಿಗಳ ಅಳಿವು' ಗ್ರಂಥಕ್ಕೆ. ನಡುವೆ 2020ರಲ್ಲಿ ಮಾತ್ರ ಒಂದು ಮಹಾಕಾವ್ಯ. ಎಂಟು ವರ್ಷಗಳಲ್ಲಿ ಏಳು ಕಥೆ ಕವಿತೆಗಳಲ್ಲದ ಪುಸ್ತಕಗಳು! ಕಾದಂಬರಿ ಸತ್ತಿತೆಂದು ನಾನು ಹೇಳುತ್ತಿಲ್ಲ. ತೀರ್ಪುಗಾರರ ಒಲವನ್ನು ಕಾಲದ ತೀರ್ಪೆಂದು ಭಾವಿಸುವಷ್ಟು ಮುಗ್ಧನೂ ನಾನಲ್ಲ. ಆದರೆ ಕನ್ನಡ ಮನಸ್ಸು ಈಗ ಹೇಗೆ ಯೋಚಿಸುತ್ತಿದೆ ಎಂದು ತಿಳಿಯಬೇಕಾದರೆ ಈ ಸಾಲಿನ ಪುಸ್ತಕಗಳ ಬಳಿಗೇ ಹೋಗಬೇಕಾಗಿದೆ.

ನನಗೆ ಇನ್ನೂ ಒಂದು ಖಾಸಗಿ ಸಂತೋಷವಿದೆ. ನಾಗಭೂಷಣರು ಆಕಾಶವಾಣಿಯಲ್ಲಿ ನೌಕರಿ ಮಾಡಿದವರು. ಚಿನ್ನಸ್ವಾಮಿಯವರು ರಸ್ತೆ ಸಾರಿಗೆ ನಿಗಮದ ಅಧಿಕಾರಿಯಾಗಿದ್ದವರು. ಭೂಮಿಯ ಹೊಟ್ಟೆಯೊಳಗಿನ ಸಂಗತಿಗಳನ್ನು ಕನ್ನಡದಲ್ಲಿ ನಿರಂತರ ಬರೆದುಕೊಂಡು ಬಂದಿರುವ ಟಿ.ಆರ್. ಅನಂತರಾಮು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ದುಡಿದವರು; ನಮ್ಮಂತೆಯೇ ಕೇಂದ್ರ ಸರಕಾರದ ವರ್ಗಾವಣೆಯ ರುಚಿ ಕಂಡವರು. ನೇಮಿಚಂದ್ರ ವಿಮಾನ ಕಾರ್ಖಾನೆಯ ಇಂಜಿನಿಯರ್ ಆಗಿದ್ದವರು. ಕಡತದ ಕಟ್ಟಿನ ಹಿಂದೆ ಕುಳಿತವನಿಗೆ ಬರೆಯಲು ಬಿಡುವಿಲ್ಲ ಎಂಬ ನಮ್ಮ ಹಳೆಯ ಸಬೂಬನ್ನು ಇವರೆಲ್ಲ ಸೇರಿ ಕಿತ್ತುಕೊಂಡುಬಿಟ್ಟಿದ್ದಾರೆ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಗ್ಗುಲನ್ನು ತೋರಿಸದಿದ್ದರೆ ನಾನು ಲೆಕ್ಕಪರಿಶೋಧಕನೇ ಅಲ್ಲ.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ನೇಮಕ ಬಡ್ತಿಗಳಿಗೆ ಅಂಕಗಳ ಪದ್ಧತಿಯನ್ನು ತಂದಿತು. 2018ರಲ್ಲಿ ಅದನ್ನು ಪರಿಷ್ಕರಿಸಿದಾಗಲೂ ಪುಸ್ತಕಕ್ಕೆ ದರಪಟ್ಟಿ ಉಳಿಯಿತು. ಅಂತಾರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 12 ಅಂಕ, ರಾಷ್ಟ್ರೀಯ ಪ್ರಕಾಶಕರದಕ್ಕೆ 10, ಸಂಪಾದಿತ ಗ್ರಂಥದಲ್ಲಿ ಒಂದು ಅಧ್ಯಾಯ ಬರೆದರೆ 5. ಉದ್ದೇಶ ಒಳ್ಳೆಯದೇ ಇರಬೇಕು. ಓದದೆ ಬರೆಯದೆ ಪಗಾರ ಎಣಿಸುವ ಅಧ್ಯಾಪಕನನ್ನು ಎಬ್ಬಿಸಲು ಯಾವುದೋ ಒಂದು ಗಂಟೆ ಬೇಕಿತ್ತು. ಆದರೆ ಪುಸ್ತಕಕ್ಕೆ ಒಂದು ಸಂಖ್ಯೆ ಇದ್ದರೆ ಸಾಕು, ಓದುಗ ಇರಬೇಕಾಗಿಲ್ಲ ಎಂಬ ಸ್ಥಿತಿ ಇದರಿಂದ ಹುಟ್ಟಿತು. ಲೇಖಕನೇ ಹಣ ಕೊಟ್ಟು ಅಚ್ಚು ಹಾಕಿಸುವುದು, ಹತ್ತಾರು ಪ್ರತಿ ಮೇಲಿನವರಿಗೆ ಹಂಚುವುದು, ಉಳಿದದ್ದು ಮಂಚದ ಕೆಳಗೆ. ಇಂಥ ಪುಸ್ತಕಗಳನ್ನು ನೀವೂ ಕಂಡಿದ್ದೀರಿ.

ನನ್ನ ಮನೆಗೇ ಬಂದ ಒಂದು ಪ್ರಸಂಗವನ್ನು ಹೇಳುತ್ತೇನೆ. ಹೇಳಬೇಕೋ ಬೇಡವೋ ಎಂದು ನಿನ್ನೆ ರಾತ್ರಿಯವರೆಗೂ ಹೊಯ್ದಾಡಿದೆ. ಕರ್ನಾಟಕದ ಒಂದೂರಿನ ಕಾಲೇಜಿನಲ್ಲಿ ಅಧ್ಯಾಪಕನಾಗಿರುವ ನನ್ನ ಹತ್ತಿರದ ಬಂಧುವೊಬ್ಬ, ನಾನು ಎತ್ತಿ ಆಡಿಸಿದ ಹುಡುಗ, ತನ್ನ ಇತಿಹಾಸದ ಪುಸ್ತಕಕ್ಕೆ ಮುನ್ನುಡಿ ಬರೆದುಕೊಡಿರೆಂದು ಹಸ್ತಪ್ರತಿ ಕಳಿಸಿದ. ಹೊರನಾಡಿನ ಅಧಿಕಾರಿಯೊಬ್ಬರ ಮುನ್ನುಡಿಯಿದ್ದರೆ ತೂಕ ಬರುತ್ತದೆಂದು ಅವನ ಎಣಿಕೆ. ಸಂತೋಷದಿಂದಲೇ ಓದತೊಡಗಿದೆ. ಮೂರನೆಯ ಅಧ್ಯಾಯಕ್ಕೆ ಬಂದಾಗ ವಾಕ್ಯಗಳು ಪರಿಚಿತವೆನಿಸಿದವು. ವಿದ್ಯಾರ್ಥಿಯಾಗಿದ್ದಾಗ ಧಾರವಾಡದ ಗ್ರಂಥಾಲಯದಲ್ಲಿ ಕುಳಿತು ಒಂದು ಹಳೆಯ ಪುಸ್ತಕದಿಂದ ಕೈಯಾರೆ ಟಿಪ್ಪಣಿ ಮಾಡಿಕೊಂಡಿದ್ದೆ. ಆ ಪುಸ್ತಕದಲ್ಲಿ ಒಂದು ಇಸವಿ ತಪ್ಪಾಗಿ ಅಚ್ಚಾಗಿತ್ತು. ನನ್ನ ಟಿಪ್ಪಣಿಯಲ್ಲಿ ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದೆ. ಹುಡುಗನ ಹಸ್ತಪ್ರತಿಯಲ್ಲಿ ಆ ತಪ್ಪು ಇಸವಿ ಹಾಗೆಯೇ ಕುಳಿತಿತ್ತು. ನಮ್ಮ ಶಾಖೆಯಲ್ಲಿ ಕಳ್ಳ ಲೆಕ್ಕವನ್ನು ಹಿಡಿಯುವುದೂ ಹೀಗೆಯೇ. ಸರಿಯಾದ ಅಂಕಿ ಯಾರ ಕೈಯಿಂದಲಾದರೂ ಬಂದೀತು. ಒಂದೇ ತಪ್ಪು ಎರಡು ಕಡೆ ಬಂದರೆ ಒಂದು ಇನ್ನೊಂದರ ನಕಲು.

ದೂರವಾಣಿಯಲ್ಲಿ ಕೇಳಿದೆ. ಅವನು ಸಿಟ್ಟಾಗಲಿಲ್ಲ, ನಾಚಲೂ ಇಲ್ಲ. "ಕಾಕಾ, ಇದನ್ನ ಯಾರು ಓದತಾರ? ನಂಬರ್ ಬೇಕಾಗೇದ ಅಷ್ಟ" ಎಂದ.

ಇದೇ ಆಯೋಗ 2018ರಲ್ಲಿಯೇ ಕೃತಿಚೌರ್ಯದ ನಿಯಮಗಳನ್ನೂ ಮಾಡಿದೆ. ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ; 60 ಮೀರಿದರೆ ಸಂಶೋಧನಾರ್ಥಿಯ ನೋಂದಣಿಯೇ ರದ್ದು. ಹೋಲಿಕೆಯನ್ನು ಅಳೆಯುವುದು ಗಣಕಯಂತ್ರ. ಆದರೆ ನಮ್ಮ ಹಳೆಯ ಕನ್ನಡ ಪುಸ್ತಕಗಳಲ್ಲಿ ಬಹುಪಾಲು ಆ ಯಂತ್ರದ ಹೊಟ್ಟೆಗೆ ಇನ್ನೂ ಹೋಗಿಯೇ ಇಲ್ಲ. ತನ್ನಲ್ಲಿ ಇಲ್ಲದುದನ್ನು ಅದು ಹೇಗೆ ಗುರುತಿಸೀತು? ಕನ್ನಡದಲ್ಲಿ ಕದಿಯುವವನಿಗೆ ಕನ್ನಡದ ಮುದುಕ ಓದುಗನೊಬ್ಬನೇ ಪೋಲೀಸು. ನಾನು ಮುನ್ನುಡಿ ಬರೆಯಲಿಲ್ಲ. ಪುಸ್ತಕ ಬೇರೊಬ್ಬರ ಮುನ್ನುಡಿಯೊಂದಿಗೆ ಬಂದಿತು. ಮುಂದೆ ಒಂದು ಮದುವೆಯಲ್ಲಿ ಎದುರುಬದುರಾದಾಗ ಅವನ ತಾಯಿ ನನ್ನನ್ನು ನೋಡಿಯೂ ನೋಡದಂತೆ ಹೋದಳು. ಚಿಕ್ಕಂದಿನಿಂದ ನನ್ನನ್ನು ಅಣ್ಣಾ ಎಂದು ಕರೆದ ಹೆಣ್ಣುಮಗಳು. ಮಗನ ಅನ್ನಕ್ಕೆ ನಾನು ಅಡ್ಡ ಬಂದೆನೆಂದು ಅವಳ ನೋವು. ಅದು ಸುಳ್ಳೆಂದು ಹೇಳುವ ಧೈರ್ಯ ನನಗೂ ಇಲ್ಲ.

ಅವನ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಯಾರು ಓದುತ್ತಾರೆ? ಅವನು ತಪ್ಪು ಮಾಡಿದ, ಸರಿ. ಆದರೆ ಅವನ ಪ್ರಶ್ನೆ ಸುಳ್ಳೇ? ನಾನೇನು ಮಾಡಿದೆ? ನಾನೂ ಧಾರವಾಡದಲ್ಲಿ ಎಂ.ಎ.ಗಾಗಿ ಮುಂಬಯಿ ಕರ್ನಾಟಕದ ಕನ್ನಡ ಶಾಲೆಗಳ ಚರಿತ್ರೆಯನ್ನು ಕುರಿತು ಕಿರುಪ್ರಬಂಧ ಬರೆದಿದ್ದೆ. ಕಪ್ಪು ರೆಕ್ಸಿನ್ನಿನ ರಟ್ಟು, ಟೈಪ್ ಮಾಡಿಸಿದ 140 ಪುಟ. ಒಂದು ತಿಂಗಳು ಊಟ ಬಿಟ್ಟು ಹಳೆಯ ವರದಿಗಳನ್ನು ಓದಿದ್ದೆ. ನೌಕರಿ ಸಿಕ್ಕ ಮೇಲೆ ಅದನ್ನು ಪುಸ್ತಕ ಮಾಡೋಣವೆಂದುಕೊಂಡೆ. ನಾಗಪುರದಲ್ಲಿ ಪೆಟ್ಟಿಗೆಯಲ್ಲಿತ್ತು, ಸಿಕಂದರಾಬಾದಿನಲ್ಲಿ ಪೆಟ್ಟಿಗೆಯಲ್ಲಿತ್ತು, ಇಲ್ಲಿ ಅಟ್ಟದ ಮೇಲಿದೆ. ಕದ್ದು ಬರೆದವನು ಒಬ್ಬ. ಬರೆದು ಬಚ್ಚಿಟ್ಟವನು ಇನ್ನೊಬ್ಬ.

ಈಗ ನಮ್ಮ ಬಿಬವೇವಾಡಿಯ ಸಂಗತಿ. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನವರನ್ನು ಬಿಟ್ಟರೂ ಮುಂಬಯಿ ಪುಣೆಗಳಿಗೆ ಹೊಟ್ಟೆಪಾಡಿಗೆ ಬಂದವರ ಸಂಖ್ಯೆ ಸಣ್ಣದಲ್ಲ. ಮುಂಬಯಿಯವರ ಬಗ್ಗೆ ಅಲ್ಲಿನ ಕನ್ನಡ ವಿಭಾಗದಿಂದಾಗಿ ಅಷ್ಟಿಷ್ಟು ಬರಹ ಬಂದಿದೆ. ನಮ್ಮ ಬಗ್ಗೆ? ಸಂಘಗಳ ಸ್ಮರಣ ಸಂಚಿಕೆಗಳಿವೆ, ಅಧ್ಯಕ್ಷರುಗಳ ಭಾವಚಿತ್ರಗಳಿವೆ. ಉಡುಪಿ ಕಡೆಯ ಹೋಟೆಲಿನವರು, ಬ್ಯಾಂಕಿನವರು, ನನ್ನಂಥ ಕಚೇರಿಯವರು ಅಲ್ಲಿ ಕಾಣಸಿಗುತ್ತೇವೆ. ಅಪ್ಪರ್ ಇಂದಿರಾನಗರದ ಗುಡ್ಡದ ಮೇಲಿನ ಓಣಿಗಳಲ್ಲಿ ವಿಜಾಪುರ, ಕಲಬುರ್ಗಿ ಜಿಲ್ಲೆಗಳ ಕನ್ನಡ ಬೆಳಗಿನ ಆರು ಗಂಟೆಗೇ ಕೇಳಿಸುತ್ತದೆ. ಆ ಕನ್ನಡ ಯಾವ ಸಂಚಿಕೆಯಲ್ಲೂ ಇಲ್ಲ.

ಕಳೆದ ವರ್ಷ ಒಬ್ಬ ಹುಡುಗಿ ನಮ್ಮ ಮನೆಗೆ ಬಂದಳು. ಅದೇ ಓಣಿಯವಳು. ತಂದೆ ಗೌಂಡಿ, ತಾಯಿ ನಾಲ್ಕು ಮನೆಯ ಕೆಲಸ. ಮರಾಠಿ ಮಾಧ್ಯಮದಲ್ಲಿ ಓದಿ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಎಂ.ಎ. ಮಾಡಿದವಳು, ಅವರ ಮನೆತನದಲ್ಲಿ ಮೊದಲ ಪದವೀಧರೆ. ಕಟ್ಟಡದ ಕೆಲಸಕ್ಕೆ ಬಂದ ಕನ್ನಡ ಹೆಂಗಸರನ್ನು ಮಾತನಾಡಿಸಿ ಬರೆದುಕೊಂಡ ಮೂರು ನೋಟುಬುಕ್ಕುಗಳು ಅವಳ ಕೈಯಲ್ಲಿದ್ದವು. ತೆರೆದು ನೋಡಿದರೆ ದೇವನಾಗರಿ ಲಿಪಿ. ಮರಾಠಿಯೆಂದುಕೊಂಡು ಓದತೊಡಗಿದೆ, ಅರ್ಥವಾಗಲಿಲ್ಲ. ಗಟ್ಟಿಯಾಗಿ ಓದಿದಾಗ ಹೊಳೆಯಿತು, ಅದು ಕನ್ನಡ. ಸಿಂದಗಿ, ಇಂಡಿ ಕಡೆಯ ಅಪ್ಪಟ ಕನ್ನಡ. "ಕಾಕಾ, ನಂಗ ಕನ್ನಡ ಮಾತಾಡಾಕ ಬರತೈತಿ, ಬರಿಯಾಕ ಬರಂಗಿಲ್ಲ. ಅವರ ಮಾತು ಮರಾಠಿ ಮಾಡಿದರ ಅವರದು ಅನಸಂಗಿಲ್ಲ" ಎಂದಳು. ಆಲೂರರು ಇಂಗ್ಲಿಷಿನಿಂದ ಕನ್ನಡಕ್ಕೆ ತಂದರು. ಈ ಹುಡುಗಿ ಕನ್ನಡವನ್ನು ಕನ್ನಡದಲ್ಲಿಯೇ ಉಳಿಸಲು ಪರರ ಲಿಪಿಯನ್ನು ಸಾಲ ತಂದಿದ್ದಾಳೆ.

ಅವಳ ಮುಂದೆ ಈಗ ಮೂರು ದಾರಿಗಳಿವೆ. ಇಂಗ್ಲಿಷಿನಲ್ಲಿ ಬರೆದರೆ ಮುಂದಿನ ಸಂಶೋಧನೆಗೆ, ನೌಕರಿಗೆ ಅನುಕೂಲ. ಮಾರ್ಗದರ್ಶಕರೂ ಅದನ್ನೇ ಹೇಳುತ್ತಾರಂತೆ. ಮರಾಠಿಯಲ್ಲಿ ಬರೆದರೆ ಓದುಗರು ಇದ್ದಾರೆ. ಇಂಥ ಬರಹಕ್ಕೆ ಮರಾಠಿಯಲ್ಲಿ ಕಿವಿ ಹದವಾಗಿದೆ. ಕನ್ನಡದಲ್ಲಿ ಬಂದರೆ ಅವಳಿಗೆ ಏನೂ ಲಾಭವಿಲ್ಲ. ಅಂಕ ಬೇಡ, ಬಡ್ತಿ ಬೇಡ, ಪ್ರಶಸ್ತಿಯ ಗಾಳಿಯೂ ಇಲ್ಲ. ಕನ್ನಡದಲ್ಲಿ ಬರಬೇಕೆಂಬುದು ನನ್ನ ಆಸೆ. ಅದರಲ್ಲಿ ಸ್ವಾರ್ಥವಿದೆಯೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಅವಳ ಭವಿಷ್ಯದ ಬೆಲೆ ಕೊಟ್ಟು ನಮ್ಮ ಭಾಷಾಭಿಮಾನವನ್ನು ಕೊಳ್ಳುವ ಹಕ್ಕು ನಮಗಿಲ್ಲ. ಅದಕ್ಕೆ ಅವಳಿಗೆ ಹೇಳಿದೆ: ನೀನು ಇಂಗ್ಲಿಷಿನಲ್ಲಿ ಬರೆ, ಮರಾಠಿಯಲ್ಲೂ ಬರೆ, ಈ ನೋಟುಬುಕ್ಕುಗಳನ್ನು ಮಾತ್ರ ಕನ್ನಡ ಲಿಪಿಗೆ ಇಳಿಸುವ ಕೆಲಸ ನಮಗೆ ಬಿಡು. ಒಂದು ಗಳಿಗೆ ಯೋಚಿಸಿ, "ಕಾಕಾ, ನೀವೂ ಒಂದು ಬರದಿದ್ರಿ ಅಂತ ಕಾಕೂ ಅಂದ್ರು. ಅದು ಎಲ್ಲೈತಿ?" ಎಂದು ಕೇಳಿದಳು. ಅಟ್ಟದ ಕಡೆ ನೋಡಿದೆ. ಉತ್ತರ ಹೇಳಲಿಲ್ಲ.

ಒಂದನೆಯ ನೋಟುಬುಕ್ಕಿನ 41ನೆಯ ಪುಟದಲ್ಲಿ ಒಬ್ಬ ಅಜ್ಜಿಯ ಮಾತಿದೆ. 1972ರ ಬರಗಾಲದಲ್ಲಿ ಗಂಡನೊಂದಿಗೆ ಊರು ಬಿಟ್ಟು ಬಂದವಳು. ಬಿಗಾರಿ ಕೆಲಸ, ತಲೆಯ ಮೇಲೆ ಇಟ್ಟಿಗೆ, ಬೆನ್ನಿಗೆ ಕೂಸು. ಆಕೆಗೆ ಓದು ಬರದು. ತನ್ನ ಆಯುಷ್ಯವನ್ನು ಆಕೆ ಇಸವಿಗಳಲ್ಲಿ ಹೇಳುವುದಿಲ್ಲ, ಕಟ್ಟಡಗಳಲ್ಲಿ ಹೇಳುತ್ತಾಳೆ. ಆ ಬಿಲ್ಡಿಂಗಿನಾಗ ಹಿರಿಮಗ ಹುಟ್ಟಿದ, ಈ ಬಿಲ್ಡಿಂಗಿನ ಸ್ಲಾಬ್ ಹಾಕುವಾಗ ಗಂಡ ಬಿದ್ದ, ಅದರ ಮುಂದಿನದು ಕಟ್ಟುವಾಗ ಮಗಳ ಲಗ್ನ. ಹೀಗೆ ಎಣಿಸುತ್ತ ಎಣಿಸುತ್ತ ಆಕೆ ಒಂದು ವಸಾಹತಿನ ಹೆಸರು ಹೇಳುತ್ತಾಳೆ. ಅದು ನಾನು ವಾಸವಾಗಿರುವ ವಸಾಹತು. ಸಾಲ ಮಾಡಿ ಕೊಂಡ ನನ್ನ ಮನೆಯ ಗೋಡೆ ಯಾರು ಹೊತ್ತ ಇಟ್ಟಿಗೆಯದೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಆ ಗೋಡೆಯ ಒಳಗೆ ಕುಳಿತು ಕನ್ನಡದ ಅಳಿವು ಉಳಿವಿನ ಬಗ್ಗೆ ಎಷ್ಟು ಭಾಷಣಗಳನ್ನು ಬರೆದಿದ್ದೇನೋ! "ಕಟ್ಟಿ ಮುಗಿಸಿದ ಮ್ಯಾಲ ವಾಚಮನ್ ಒಳಗ ಬಿಡಲಿಲ್ಲ, ಮ್ಯಾಲ ಹೆಂಗ ಕಾಣತೈತೋ ಏನೋ" ಎಂದು ಆಕೆಯ ಮಾತು ಮುಗಿಯುತ್ತದೆ. ಹುಡುಗಿ ಅದರ ಕೆಳಗೆ ಏನನ್ನೂ ಸೇರಿಸಿಲ್ಲ. ಸಮಾಜಶಾಸ್ತ್ರದ ಯಾವ ದೊಡ್ಡ ಹೆಸರನ್ನೂ ಎಳೆದು ತಂದಿಲ್ಲ. ನನ್ನ ಬಂಧುವಿನ ಪುಸ್ತಕದಲ್ಲಿ ಪುಟಕ್ಕೆ ಎರಡು ಹೆಸರುಗಳಿದ್ದವು.

ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ. ಮೊದಲ ನೋಟುಬುಕ್ಕಿನ ಅರವತ್ತು ಪುಟಗಳು ಇದುವರೆಗೆ ಕನ್ನಡ ಲಿಪಿಗೆ ಇಳಿದಿವೆ. ನನ್ನ ಹೆಂಡತಿ ಓದುತ್ತಾಳೆ, ನಾನು ಬರೆಯುತ್ತೇನೆ, ಹುಡುಗಿ ತಿದ್ದುತ್ತಾಳೆ. ಅವಳೂ ಈಗ ಅಕ್ಷರ ಕಲಿಯುತ್ತಿದ್ದಾಳೆ. ಒತ್ತಕ್ಷರದ ಹತ್ತಿರ ಬಂದಿದ್ದಾಳೆ. ಹಲವು ಮಾತುಗಳು ನಮಗೆ ತಿಳಿಯುತ್ತಿಲ್ಲ. ನಾನು ಧಾರವಾಡದ ಕಡೆಯವನು, ನನ್ನ ಹೆಂಡತಿ ಬೆಳಗಾವಿಯವಳು. ಭೀಮಾತೀರದ ಮಾತು ನಮ್ಮಿಬ್ಬರ ಕೈಗೂ ಪೂರ್ತಿ ಸಿಗುವುದಿಲ್ಲ. ಇಂಡಿ, ಸಿಂದಗಿ, ಅಫಜಲಪುರದ ಕಡೆಯವರು ಈ ಸಭೆಯಲ್ಲಿ ನಾಲ್ಕಾರು ಮಂದಿಯಾದರೂ ಇದ್ದೀರಿ. ಪ್ರತಿ ಶನಿವಾರ ಸಂಜೆ ಐದರಿಂದ ಏಳರವರೆಗೆ ನಮ್ಮ ಮನೆಯಲ್ಲಿ ಈ ಕೆಲಸ ನಡೆಯುತ್ತದೆ. ದಯವಿಟ್ಟು ಬನ್ನಿ. ಬರುವ ಶನಿವಾರ ಆ ಅಜ್ಜಿಯೂ ಬರುತ್ತೇನೆಂದು ಹೇಳಿಕಳಿಸಿದ್ದಾಳೆ, ವಾಚಮನ್ನನಿಗೆ ತಿಳಿಸಿದ್ದೇನೆ. ಮೂರನೆಯ ಮಹಡಿ. ಲಿಫ್ಟ್ ಇದೆ.